ಐದು ಇಪ್ಪತ್ತೊಂಬತ್ತರವರೆಗೆ ಓದಿದ ಡ್ರೈವ್

ನಾನು ಡಿಸ್ಕ್ ಓದುವ ಒಂದು ಡ್ರೈವ್. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಜಾತಿಯವನಲ್ಲ. ಹೊರಗೆ, ಮೇಜಿನ ಮೇಲೆ ಕುಳಿತು, ಒಂದು ಮೊಳದ ವೈರಿನಿಂದ ಅದಕ್ಕೆ ಅಂಟಿಕೊಂಡಿರುವ ಜಾತಿ. ತೆಳ್ಳಗೆ, ಕಪ್ಪಗೆ ಇದ್ದೇನೆ. ನನ್ನೊಳಗೆ ಒಂದು ಮೋಟಾರಿದೆ, ಒಂದು ಕೆಂಪು ಬೆಳಕಿದೆ, ಹೆಸರುಕಾಳಿನಷ್ಟು ದೊಡ್ಡ ಮಸೂರವೊಂದು ಕೂದಲಿನಂಥ ತಂತಿಗಳ ಮೇಲೆ ತೂಗುತ್ತಿದೆ. ಡಿಸ್ಕ್ ತಿರುಗುವಾಗ ಈ ಮಸೂರ ಮೇಲೆ ಕೆಳಗೆ ಅಲುಗುತ್ತ ಬೆಳಕನ್ನು ಸರಿಯಾದ ಜಾಗಕ್ಕೆ ಬೀಳಿಸಬೇಕು. ಅದು ಬಿದ್ದರೆ ಓದು. ತಪ್ಪಿದರೆ ಮೌನ.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ಪಾಸಾದೆ ಎನ್ನಬೇಕು. ತಿರುಪುಗಳನ್ನು ಬಿಗಿದ ಮೇಲೆ, ಕೈಗವಸು ಹಾಕಿದ ಒಬ್ಬ ಹೆಂಗಸು ನನ್ನ ಬಾಯಿಗೆ ಒಂದು ಡಿಸ್ಕ್ ಇಟ್ಟಳು. ಅದರ ಮೇಲೆ ಬೇಕೆಂದೇ ಗೀರು ಎಳೆದಿದ್ದರು, ಕಪ್ಪು ಚುಕ್ಕೆ ಇಟ್ಟಿದ್ದರು. ನಾನು ಗೀರನ್ನು ದಾಟಿದೆ, ಚುಕ್ಕೆಯನ್ನೂ ದಾಟಿದೆ. ಹಸಿರು ದೀಪ ಹತ್ತಿತು. ಅವಳು ನನ್ನ ಬೆನ್ನಿಗೆ ಒಂದು ಸಂಖ್ಯೆ ಅಂಟಿಸಿ ಪಕ್ಕಕ್ಕೆ ಸರಿಸಿದಳು. ನನ್ನ ಸಾಲಿನಲ್ಲೇ ಬಂದಿದ್ದ ಇನ್ನೊಂದಕ್ಕೆ ದೀಪ ಹತ್ತಲಿಲ್ಲ. ಅದನ್ನು ಬುಟ್ಟಿಗೆ ಹಾಕಿದ ಸದ್ದು ಕೇಳಿಸಿತು. ಓದುವವರಿಗೆ ಮಾತ್ರ ಇಲ್ಲಿ ಜಾಗ ಎಂದು ಆಗಲೇ ತಿಳಿದುಕೊಂಡೆ.

ನನ್ನ ಮೊದಲ ಮನೆ ಗದಗದ ಒಂದು ಶಿಕ್ಷಕರ ತರಬೇತಿ ಕಾಲೇಜಿನ ಗ್ರಂಥಾಲಯ. ಅಲ್ಲಿನ ಗ್ರಂಥಪಾಲಕಿ ಅನಸೂಯಾ ಹಾದಿಮನಿ ನನ್ನ ಮೇಲೆ ಒಂದು ಕರವಸ್ತ್ರ ಹೊದಿಸಿಡುತ್ತಿದ್ದರು. ಪುಸ್ತಕಗಳ ಹಿಂಬದಿಯ ಚೀಲದಲ್ಲಿ ಬರುವ ಡಿಸ್ಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ನಮ್ಮಿಬ್ಬರ ಕೆಲಸ. "ರೊಟ್ಟಿ ಹಿಡದಂಗ ಹಿಡೀಬ್ಯಾಡ್ರಿ, ಅಂಚಿಗೆ ಹಿಡೀರಿ" ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹುಡುಗಿಯರು ನಗುತ್ತಿದ್ದರು, ಮತ್ತೆ ರೊಟ್ಟಿ ಹಿಡಿದಂತೆಯೇ ಹಿಡಿಯುತ್ತಿದ್ದರು. ಅವರ ಬೆರಳ ಎಣ್ಣೆಯ ಮೇಲೆ ಹಾದು ನಾನು ಜ್ವಾಲಾಮುಖಿಗಳನ್ನೂ ತಿಮಿಂಗಿಲಗಳನ್ನೂ ಓದಿದೆ. ಆ ದಿನಗಳಲ್ಲಿ ನನ್ನ ಓದಿನಿಂದ ಯಾರ ಬದುಕಿಗೂ ಏನೂ ಆಗುತ್ತಿರಲಿಲ್ಲ. ಅದು ಎಂಥ ನೆಮ್ಮದಿ ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ಪೆನ್‌ಡ್ರೈವ್ ಬಂತು. ಕಾಲೇಜಿಗೆ ಸೇರುವವರು ವರ್ಷ ವರ್ಷ ಕಡಿಮೆಯಾದರು. ಒಂದು ವರ್ಷ ಏಳು ಜನ, ಮರುವರ್ಷ ಯಾರೂ ಇಲ್ಲ. ಕಾಲೇಜು ಮುಚ್ಚಿತು. ಕುರ್ಚಿ, ಕಪಾಟು, ಭೂಪಟಗಳ ಜೊತೆ ನನ್ನನ್ನೂ ಅಂಗಳದಲ್ಲಿ ಜೋಡಿಸಿಟ್ಟರು. ಹುಬ್ಬಳ್ಳಿಯಿಂದ ಬಂದಿದ್ದ ಕನ್ನಡಕದ ಒಬ್ಬರು ನನ್ನನ್ನು ಎತ್ತಿ, ಬಾಯಿ ತೆಗೆದು, ಮಸೂರವನ್ನು ಟಾರ್ಚು ಹಾಕಿ ನೋಡಿದರು. ಅವರೇ ಸುಧೀಂದ್ರ ಕಟಗೇರಿ.

ಕಟಗೇರಿಯವರ ಕಸುಬು ಕೆಟ್ಟ ಡಿಸ್ಕುಗಳಿಂದ, ಸತ್ತ ಕಂಪ್ಯೂಟರುಗಳಿಂದ ಮಾಹಿತಿ ತೆಗೆದುಕೊಡುವುದು. ಹುಬ್ಬಳ್ಳಿಯ ಸ್ಟೇಶನ್ ರಸ್ತೆಯಲ್ಲಿ ಒಂದು ಮಹಡಿಯ ಕೋಣೆ. ಮದುವೆಯ ವೀಡಿಯೋ ಕಳೆದುಕೊಂಡವರು, ಸಂಘದ ದಾಖಲೆ ಕಳೆದುಕೊಂಡವರು ಬರುತ್ತಿದ್ದರು. ನ್ಯಾಯಾಲಯಗಳಿಂದಲೂ ಆಗಾಗ ಡಿಸ್ಕುಗಳು ಬರುತ್ತಿದ್ದವು, ಏಕೆಂದರೆ ಕಟಗೇರಿಯವರ ವರದಿ ಅಚ್ಚುಕಟ್ಟಾಗಿರುತ್ತಿತ್ತು. ಒಮ್ಮೆ ಒಬ್ಬ ನ್ಯಾಯಾಧೀಶರು ಅದನ್ನು ತೆರೆದ ಕೋರ್ಟಿನಲ್ಲೇ ಮೆಚ್ಚಿದ್ದರಂತೆ. ಆ ಮೆಚ್ಚುಗೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಆ ಒಂದು ಮಾತು ಅವರೊಳಗೆ ಬೇರು ಬಿಟ್ಟಿತ್ತು.

ಅವರ ಅಚ್ಚುಕಟ್ಟಿನ ಗುಟ್ಟು ಒಂದು ಪರೀಕ್ಷೆ. ವರ್ಷಕ್ಕೊಮ್ಮೆ, ಯುಗಾದಿಯ ಮಾರನೆಯ ದಿನ, ತಮ್ಮಲ್ಲಿದ್ದ ಡ್ರೈವ್‌ಗಳಿಗೆಲ್ಲ ಅವರು ಓದಿನ ಪರೀಕ್ಷೆ ಇಡುತ್ತಿದ್ದರು. ಮೂರು ಡಿಸ್ಕು: ಒಂದು ಹೊಸದು, ಒಂದು ಗೀರಿದ್ದು, ಒಂದು ಬೆರಳ ಕಲೆಯದು. ಎಷ್ಟು ವೇಗದಲ್ಲಿ ಓದಿತು, ಎಷ್ಟು ಕಡೆ ತಪ್ಪಿತು, ತಪ್ಪಿದಲ್ಲಿ ಎಷ್ಟು ಸಲ ಹಿಂದಿರುಗಿ ನೋಡಿತು. ಪರದೆಯ ಮೇಲೆ ಒಂದು ಹಸಿರು ಗೆರೆ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಏರುತ್ತ ಹೋಗುತ್ತದೆ. ಡ್ರೈವ್ ಎಡವಿದ ಕಡೆ ಗೆರೆ ಹಲ್ಲಿನಂತೆ ಕೆಳಗೆ ಬೀಳುತ್ತದೆ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ.

ನನ್ನ ಗೆರೆ ಸಲೀಸಾಗಿ ಏರಿತು. ತೊಂಬತ್ತೇಳು ಅಂಕ. ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ, ಕರೆಂಟಿಗೆ ಬೇರೆ ವೈರು ಬೇಡುವ ಒಂದು ಹಳೆಯ ಡ್ರೈವ್ ಇತ್ತು. ಕಟಗೇರಿಯವರು ಅದನ್ನು ಮುದುಕ ಎನ್ನುತ್ತಿದ್ದರು. ಅದು ಗರಗರ ಎನ್ನುತ್ತ, ನಿಂತು ನಿಂತು ಓದಿತು. ಮೂವತ್ತೆಂಟು. ಎಪ್ಪತ್ತಕ್ಕಿಂತ ಕಡಿಮೆ ಬಂದದ್ದನ್ನು ಕೋರ್ಟಿನ ಕೆಲಸಕ್ಕೆ ಮುಟ್ಟುವಂತಿಲ್ಲ ಎಂಬುದು ಅವರೇ ಮಾಡಿಕೊಂಡ ನಿಯಮ. ಮುದುಕ ಕಪಾಟಿನ ಮೇಲಕ್ಕೆ ಹೋಯಿತು. ನನ್ನ ಅಂಕಪಟ್ಟಿಯ ಮೇಲೆ ಕಟಗೇರಿಯವರು ಸಹಿ ಮಾಡಿ, ಪ್ರತಿ ವರದಿಗೂ ಅದರ ನಕಲನ್ನು ಹಚ್ಚತೊಡಗಿದರು. ನನಗೆ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಮೌನೇಶ ಬಡಿಗೇರನ ಡಿಸ್ಕ್ ಬಂತು.

ಮೌನೇಶ ಗದಗದ ಒಬ್ಬ ಬಡಗಿ. ನಾನು ಅವನನ್ನು ಕಂಡದ್ದಿಲ್ಲ, ಅವನು ಜೈಲಿನಲ್ಲಿದ್ದ. ಮೂರು ವರ್ಷದ ಹಿಂದೆ ಒಂದು ಕಟ್ಟಿಗೆ ಅಡ್ಡೆಗೆ ಬೆಂಕಿ ಬಿದ್ದು ಕಾವಲುಗಾರ ಸುಟ್ಟು ಸತ್ತಿದ್ದ. ಆ ದಿನ ಬೆಳಗ್ಗೆಯೇ ಮೌನೇಶ ಸೀಳು ಬಿಟ್ಟ ತೊಲೆ ಕೊಟ್ಟಿರೆಂದು ಅಡ್ಡೆಯ ಮಾಲೀಕನ ಜೊತೆ ಜಗಳವಾಡಿದ್ದ. ಸಂಜೆ ಐದೂವರೆಯಿಂದ ಆರರೊಳಗೆ ಬೆಂಕಿ ಹತ್ತಿತು. ಅವನನ್ನು ಅಲ್ಲಿ ಕಂಡೆ ಎಂದು ಒಬ್ಬ ಹೇಳಿದ. ತಾನು ಆ ಹೊತ್ತಿಗೆ ಊರಿನ ಇನ್ನೊಂದು ತುದಿಯ ಔಷಧದಂಗಡಿಯಲ್ಲಿದ್ದೆ, ಮಗಳ ಜ್ವರಕ್ಕೆ ಔಷಧ ತರಲು ಹೋಗಿ ಅರ್ಧ ಗಂಟೆ ಕಾದೆ ಎಂದು ಮೌನೇಶ ಹೇಳಿದ. ಅಂಗಡಿಯವನಿಗೆ ನೆನಪಿರಲಿಲ್ಲ. ಆದರೆ ಅಂಗಡಿಯಲ್ಲಿ ಕ್ಯಾಮೆರಾ ಇತ್ತು. ಪೊಲೀಸರು ಕೇಳಿದಾಗ ಅಂಗಡಿಯವನು ಆ ದಿನದ ಚಿತ್ರವನ್ನು ಒಂದು ಡಿಸ್ಕಿಗೆ ಇಳಿಸಿ ಕೊಟ್ಟ. ಕ್ಯಾಮೆರಾದ ಪೆಟ್ಟಿಗೆ ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಅಳಿಸಿಕೊಳ್ಳುತ್ತಿತ್ತು. ಹೀಗಾಗಿ ಆ ಸಂಜೆ ಲೋಕದಲ್ಲಿ ಉಳಿದದ್ದು ಈ ಒಂದು ಡಿಸ್ಕಿನಲ್ಲಿ ಮಾತ್ರ. ವಿಚಾರಣೆಯಲ್ಲಿ ಅದನ್ನು ಹಾಕಿದಾಗ ಕೋರ್ಟಿನ ಕಂಪ್ಯೂಟರು ಅದನ್ನು ತೆರೆಯಲೇ ಇಲ್ಲ.

ಅಂದು ಕೋಣೆಗೆ ಮೂವರು ಬಂದರು. ಮೌನೇಶನ ಪರ ಸರ್ಕಾರ ನೇಮಿಸಿದ್ದ ವಕೀಲೆ ಶಹನಾಜ್ ಮುಲ್ಲಾ, ಮೌನೇಶನ ಹೆಂಡತಿ ಕಾಳಮ್ಮ, ಮತ್ತು ಬಿಳಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡಿದ್ದ ಪೊಲೀಸ್ ಪೇದೆ ತಳವಾರ.

"ಸಾಹೇಬ್ರ, ಮೂರಕ್ಕ ನಾ ಬಸ್ ಹತ್ತಬೇಕ್ರಿ" ಎಂದ ತಳವಾರ. "ಮುದ್ದೆಮಾಲು ಸಂಜೀಕ ಕೋರ್ಟಿನಾಗ ಇರಬೇಕು. ಇಲ್ಲಾಂದ್ರ ನನ್ನ ಮುದ್ದೆಮಾಲು ಮಾಡ್ತಾರ."

ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವಿಗೆ ಅವರು ಮುದ್ದೆಮಾಲು ಎನ್ನುತ್ತಾರೆ. ಕಟಗೇರಿಯವರು ಎಲ್ಲರೆದುರು ಹೊಲಿಗೆ ಬಿಚ್ಚಿದರು. ಬಟ್ಟೆಯೊಳಗೆ ಒಂದು ತೆಳು ಕಾಗದದ ಲಕೋಟೆ, ಅದರೊಳಗೆ ಡಿಸ್ಕು. ಅವರು ಅದನ್ನು ಅಂಚಿಗೆ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರು.

"ಅರಗು ಎಲ್ಲಿ ಒತ್ತೀರಿ ಇದಕ್ಕ?"

"ಅರಿವಿ ಮ್ಯಾಲರೀ. ಅರಿವಿ ಸುತ್ತಿ, ಹೊಲದು, ಗಂಟಿನ ಮ್ಯಾಲ ಅರಗು ಕಾಸಿ ಸುರದು, ಹಿತ್ತಾಳಿ ಮುದ್ರಿ ಒತ್ತೂದು. ಚಾಕು ಇರ್ಲಿ, ಕೊಡಲಿ ಇರ್ಲಿ, ರಕ್ತದ ಸೀರಿ ಇರ್ಲಿ, ಎಲ್ಲಾಕೂ ಹಂಗ."

"ಇದು ಕೊಡಲಿ ಅಲ್ರೀ ತಳವಾರ."

"ಕೊಡಲಿ ಅಲ್ಲ ಅಂತ ನನಗೂ ಗೊತ್ತೈತ್ರಿ. ಮುದ್ದೆಮಾಲು ಹೌದಲ್ರಿ?"

ಕಾಯಿಸಿದ ಅರಗಿನ ಬಿಸಿ ಬಟ್ಟೆಯನ್ನೂ ಕಾಗದವನ್ನೂ ದಾಟಿ ಡಿಸ್ಕಿಗೆ ತಾಗಿತ್ತು. ಅದರ ಮೇಲೆ ಹಿತ್ತಾಳೆಯ ಮುದ್ರೆಯ ಭಾರ ಬಿದ್ದಿತ್ತು. ಡಿಸ್ಕಿನ ನಡುವಿನ ಸುತ್ತುಗಳಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಉಬ್ಬು. ಯಾರಿಗೂ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ. ಸಾಕ್ಷಿಯನ್ನು ಭದ್ರಪಡಿಸಲೆಂದೇ ಮಾಡಿದ್ದು.

ಕಟಗೇರಿಯವರು ಮೊದಲು ತಮ್ಮ ಫಾರಂ ತುಂಬಿದರು. ಬಳಸುವ ಯಂತ್ರ: ನನ್ನ ಬೆನ್ನಿನ ಸಂಖ್ಯೆ. ಓದಿನ ಪರೀಕ್ಷೆಯ ಅಂಕ: ತೊಂಬತ್ತೇಳು. ಅವರ ಸಹಿಯ ಕೆಳಗೆ ಮುಲ್ಲಾ ಅವರೂ ತಳವಾರನೂ ಸಹಿ ಹಾಕಿದರು. ಆಮೇಲೆ ಡಿಸ್ಕನ್ನು ನನ್ನೊಳಗಿಟ್ಟು ಮೆಲ್ಲಗೆ ತಳ್ಳಿದರು.

ಕೋರ್ಟಿನ ಕಂಪ್ಯೂಟರು ಹೊರಳಿ ಕೂಡ ನೋಡದ ಡಿಸ್ಕನ್ನು ನಾನು ಮೂರನೆಯ ಯತ್ನಕ್ಕೆ ಹಿಡಿದೆ. ಒಳಗಿನ ಸುತ್ತುಗಳು ಚೆನ್ನಾಗಿದ್ದವು. ಪರದೆಯ ಮೇಲೆ ಔಷಧದಂಗಡಿಯ ಮರದ ಕೌಂಟರು ಮೂಡಿತು. ಮೂಲೆಯಲ್ಲಿ ಸಮಯ: ನಾಲ್ಕು ಗಂಟೆ. ಕಾಳಮ್ಮ ನಿಂತಲ್ಲೇ ಕೈ ಮುಗಿದಳು. ನನಗೋ, ಪರದೆಗೋ ಗೊತ್ತಿಲ್ಲ.

ಜನ ಬಂದರು, ಹೋದರು. ನಾಲ್ಕೂವರೆ. ಐದು. ಐದು ಹತ್ತು. ಇಪ್ಪತ್ತರ ಹೊತ್ತಿಗೆ ನನ್ನ ಬೆಳಕಿನ ಕೆಳಗೆ ಡಿಸ್ಕು ಏಳತೊಡಗಿತು. ಒಂದೊಂದು ಸುತ್ತಿಗೂ ಒಂದು ದಿಬ್ಬ. ಮಸೂರವನ್ನು ನಾನು ಮೇಲೆತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಸುತ್ತು ಸುತ್ತಿಗೂ ದಿಬ್ಬ ಎತ್ತರವಾಗುತ್ತಿತ್ತು. ಐದು ಇಪ್ಪತ್ತೊಂಬತ್ತು, ಹದಿನಾಲ್ಕನೆಯ ಸೆಕೆಂಡಿಗೆ ಚಿತ್ರ ನಿಂತಿತು.

ನಿಂತ ಚಿತ್ರದಲ್ಲಿ ಕೌಂಟರಿನ ಎಡ ಅಂಚಿನಲ್ಲಿ ಒಂದು ಕೈ ಇತ್ತು. ಮೊಣಕೈವರೆಗೆ ಮಾತ್ರ. ಹೆಬ್ಬೆರಳು ಮರದ ಅಂಚನ್ನು ಸವರುತ್ತಿತ್ತು.

"ಅಂವನ" ಎಂದಳು ಕಾಳಮ್ಮ. ದನಿ ಏರಿಸಲಿಲ್ಲ. "ಅಂವನ ರೀ. ಎಲ್ಲೆ ಹೋದ್ರೂ ಕಟ್ಟಿಗಿ ಕಂಡ್ರ ಅಂಚು ಸವರಿ ನೋಡ್ತಾನ. ಬೀಗರ ಮನಿ ಬಾಗಲಾನೂ ಬಿಟ್ಟಿಲ್ಲ."

ಮುಲ್ಲಾ ಅವರು ಪರದೆಯ ಹತ್ತಿರ ಬಗ್ಗಿದರು. "ನಾ ನಂಬ್ತೀನಿ ಕಾಳಮ್ಮ. ಆದ್ರ ಕೋರ್ಟಿಗೆ ಮುಖ ಬೇಕು."

"ಮುಂದಕ್ಕ ಓಡಸ್ರಿ ಸರ. ಇನ್ನೊಂದು ಹೆಜ್ಜಿ ಇಟ್ರ ಮುಖ ಬರ್ತೈತಿ."

ಇನ್ನೊಂದು ಹೆಜ್ಜೆ. ಅದು ನನ್ನಿಂದ ಅರ್ಧ ಕೂದಲೆಳೆಯ ದೂರದಲ್ಲಿತ್ತು. ಕಟಗೇರಿಯವರು ವೇಗ ಇಳಿಸಿದರು, ಇನ್ನೂ ಇಳಿಸಿದರು. ಡಿಸ್ಕು ಎತ್ತಿನ ಗಾಣದಂತೆ ತಿರುಗಿತು. ನಲವತ್ತೊಂದು ಸಲ ನಾನು ಅದೇ ದಿಬ್ಬಕ್ಕೆ ಹೋಗಿ ಬಿದ್ದೆ. ನಾನು ತೆಳ್ಳಗಿದ್ದೇನೆ ಎಂದು ಮೊದಲೇ ಹೇಳಿದೆ. ತೆಳ್ಳಗಿನ ಡಬ್ಬಿಯಲ್ಲಿ ಮಸೂರಕ್ಕೆ ಏಳಲು ಇಳಿಯಲು ಜಾಗ ಕಡಿಮೆ. ಗೀರಿದ್ದರೆ ನಾನು ದಾಟಬಲ್ಲೆ, ಕಲೆ ಇದ್ದರೆ ದಾಟಬಲ್ಲೆ, ಆದರೆ ಅವೆಲ್ಲ ಸಮತಟ್ಟಾದ ನೆಲದ ತೊಂದರೆಗಳು. ದಿಬ್ಬ ಹತ್ತಲು ನನಗೆ ಕಾಲೇ ಇರಲಿಲ್ಲ. ಇದನ್ನು ಯಾವ ಪರೀಕ್ಷೆಯೂ ನನ್ನನ್ನು ಕೇಳಿರಲಿಲ್ಲ. ಕಪಾಟಿನ ಮೇಲಿನ ಮುದುಕನ ಡಬ್ಬಿ ದಪ್ಪ, ಅದರ ಮಸೂರದ ತಂತಿಗಳು ಉದ್ದ. ಅದು ತಡವರಿಸಿಯಾದರೂ ಹತ್ತಬಹುದು ಎಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಆದರೆ ನನ್ನ ಬಳಿ ಇರುವುದು ಎರಡೇ ಮಾತು: ಓದಿದೆ, ಆಗಲಿಲ್ಲ.

ಎರಡೂವರೆಯಾಯಿತು. ತಳವಾರ ಗಡಿಯಾರ ನೋಡಿ ಕೆಮ್ಮಿದ. ಕಾಳಮ್ಮ ಕೋಣೆಯನ್ನೆಲ್ಲ ಕಣ್ಣಿನಿಂದ ಹುಡುಕುತ್ತಿದ್ದಳು. ಅವಳ ಕಣ್ಣು ಕಪಾಟಿನ ಮೇಲೆ ನಿಂತಿತು.

"ಅಲ್ಲೊಂದು ಮಷೀನ್ ಐತಲ್ರಿ. ದಪ್ಪಂದು. ಅದಕ್ಕ ಹಾಕಿ ನೋಡ್ರಿ."

"ಅದು ಫೇಲಾಗಿದ್ದರಿ ತಾಯಿ" ಎಂದರು ಕಟಗೇರಿ. "ಮೂವತ್ತೆಂಟು ತಗೊಂಡದ. ತೊಂಬತ್ತೇಳು ತಗೊಂಡದ್ದಕ್ಕ ಆಗಲಿಲ್ಲ ಅಂದ್ರ ಅದಕ್ಕೆಲ್ಲಿ ಆಗ್ತದ?"

"ನನಗ ಮಾರ್ಕ್ಸ್ ಗೊತ್ತಿಲ್ರಿ. ಒಂದ ಸಲ ಹಾಕ್ರಿ. ಆಗ್ಲಿಲ್ಲಾಂದ್ರ ಬಿಡ್ರಿ."

ಕಟಗೇರಿಯವರು ಮುಲ್ಲಾ ಅವರ ಮುಖ ನೋಡಿದರು. ಮುಲ್ಲಾ ಅವರು ಫಾರಂ ನೋಡಿದರು. ಅದರಲ್ಲಿ ನನ್ನ ಸಂಖ್ಯೆ ಇತ್ತು, ಮೂರು ಸಹಿಗಳಿದ್ದವು.

"ಹಾಕಿದ್ರ ಏನಾಗ್ತದ್ರಿ ಸರ್?"

"ಅದು ಹಳೇದು. ಡಿಸ್ಕಿಗೆ ಇನ್ನೂ ಪೆಟ್ಟಾದ್ರ ನಾ ಹೊಣಿ. ಮ್ಯಾಲ, ಎದುರಿನ ಸರ್ಕಾರಿ ವಕೀಲರು ಬಿಡ್ತಾರೇನು? ಫೇಲಾದ ಯಂತ್ರದಿಂದ ತಗದೀರಿ, ಇದು ಯಾವ ಸಾಕ್ಷಿ ಅಂತಾರ. ಬಂದದ್ದೂ ಹೋಗ್ತದ."

ಮುಲ್ಲಾ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಿಟಕಿಯಾಚೆ ಒಂದು ಬಸ್ಸು ಹಾರ್ನ್ ಬಾರಿಸಿತು. ಆ ಮೌನದಲ್ಲಿ ಯಾರಾದರೂ ಕೈ ಚಾಚಿದ್ದರೆ ಮುದುಕ ಸಿಗುತ್ತಿತ್ತು. ಸ್ಟೂಲು ಕೂಡ ಬೇಕಿರಲಿಲ್ಲ. ತಳವಾರ ಸೂಜಿಗೆ ದಾರ ಪೋಣಿಸತೊಡಗಿದ.

ವರದಿಯಲ್ಲಿ ಕಟಗೇರಿಯವರು ಸುಳ್ಳು ಬರೆಯಲಿಲ್ಲ. ಪರೀಕ್ಷಿತ ಯಂತ್ರದಿಂದ ನಲವತ್ತೊಂದು ಸಲ ಯತ್ನಿಸಲಾಯಿತು, ಐದು ಇಪ್ಪತ್ತೊಂಬತ್ತರ ನಂತರದ ಭಾಗ ಓದಲು ಬರುವುದಿಲ್ಲ ಎಂದು ಬರೆದರು. ನನ್ನ ಹಸಿರು ಗೆರೆಯ ಚಿತ್ರವನ್ನು ಹಚ್ಚಿದರು. ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಪಾಯಿತು. ಮೌನೇಶನಿಗೆ ಜೀವಾವಧಿ. ಮುಲ್ಲಾ ಅವರು ಕಳಿಸಿದ ತೀರ್ಪಿನ ಪ್ರತಿಯನ್ನು ಕಟಗೇರಿಯವರು ನನ್ನ ಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದಿಕೊಂಡರು. ಪರಿಣತರ ಅತ್ಯುತ್ತಮ ಯಂತ್ರಕ್ಕೂ ದಕ್ಕದ ದೃಶ್ಯವೊಂದು ಇದೆ ಎಂದು ನಂಬಲು ಆಧಾರವಿಲ್ಲ ಎಂಬ ಸಾಲನ್ನು ಮೂರು ಸಲ ಓದಿದರು. ನಾನು ಕೆಟ್ಟ ಡ್ರೈವ್ ಆಗಿದ್ದರೆ ಇನ್ನೊಂದನ್ನು ಹುಡುಕುತ್ತಿದ್ದರು. ನಾನು ಒಳ್ಳೆಯದಾಗಿದ್ದರಿಂದ ಹುಡುಕಾಟ ನನ್ನಲ್ಲಿಗೇ ಮುಗಿಯಿತು.

ಎರಡು ವರ್ಷ ಕಳೆಯಿತು. ಮೇಲಿನ ನ್ಯಾಯಾಲಯವೂ ಶಿಕ್ಷೆಯನ್ನು ಎತ್ತಿಹಿಡಿಯಿತು ಎಂದು ಒಂದು ದಿನ ಸುದ್ದಿ ಬಂತು.

ಅದಾದ ಆರನೆಯ ತಿಂಗಳು, ಒಂದು ಬೆಳಗ್ಗೆ, ಬಟ್ಟೆ ವ್ಯಾಪಾರಿ ಜವಳಿ ಎಂಬವರು ಒಂದು ಡಿಸ್ಕು ತಂದರು.

"ಮಗಳ ನಿಶ್ಚಿತಾರ್ಥದ್ದರಿ. ಕಾರಿನ ಮುಂದ ಬಿಸಲಿಗೆ ಇಟ್ಟು ಮರತ ಬಿಟ್ಟೆ, ಹಪ್ಪಳ ಆಗೇದ. ಕರದು ತಿನ್ರಿ ಅಂತಾಳ್ರಿ ನಮ್ಮಾಕಿ."

ನಾನು ಓದಲಾರದೆ ನಿಂತೆ. ಇದು ಕೋರ್ಟಿನದಲ್ಲ, ಫಾರಂ ಇಲ್ಲ. ಕಟಗೇರಿಯವರು ಹಾಗೇ, ಯೋಚನೆಯಿಲ್ಲದೆ, ಕಪಾಟಿನ ಮೇಲಿಂದ ಮುದುಕನನ್ನು ಇಳಿಸಿ ಧೂಳು ಊದಿದರು. ಅದು ಗರಗರ ಎಂದಿತು, ನಿಂತಿತು, ಮತ್ತೆ ಎಂದಿತು. ನಲವತ್ತು ನಿಮಿಷದ ಹೊತ್ತಿಗೆ ಪರದೆಯ ಮೇಲೆ ಜವಳಿಯವರ ಮಗಳು ತಲೆ ತಗ್ಗಿಸಿ ಉಂಗುರ ಹಾಕಿಸಿಕೊಳ್ಳುತ್ತಿದ್ದಳು. ಚಿತ್ರದ ಒಂದು ಚೌಕವೂ ಮುರಿದಿರಲಿಲ್ಲ.

ಜವಳಿಯವರು ಚಪ್ಪಾಳೆ ತಟ್ಟಿ ನಕ್ಕರು. ಕಟಗೇರಿಯವರು ನಗಲಿಲ್ಲ. ಜವಳಿಯವರು ಹೋದ ಮೇಲೆ ಬಹಳ ಹೊತ್ತು ಮುದುಕನ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು. ಆಮೇಲೆ ಫೋನ್ ಹಚ್ಚಿದರು.

"ಮುಲ್ಲಾ ಮೇಡಂ, ಆ ಬಡಿಗೇರನ ಡಿಸ್ಕು... ಇನ್ನೊಂದ ಸಲ ತರಸಾಕ ಬರ್ತದೇನ್ರಿ?"

ಆ ಕಡೆಯ ದನಿ ಮೇಜಿನವರೆಗೂ ಕೇಳುತ್ತಿತ್ತು. "ಅದೆಲ್ಲಿ ಐತ್ರಿ ಸರ್. ಮೇಲ್ಮನವಿ ಮುಗದ ಮ್ಯಾಲ ಬೆಲೆಯಿಲ್ಲದ ಮುದ್ದೆಮಾಲು ನಾಶ ಮಾಡಬೇಕು ಅಂತ ತೀರ್ಪಿನ್ಯಾಗ ಇರ್ತೈತಲ್ರಿ. ಹೋದ ತಿಂಗಳ ಸುಟ್ರು. ಯಾಕ್ರಿ?"

ಕಟಗೇರಿಯವರು ಹೇಳಿದರು.

"ಕಾಳಮ್ಮಗ ಹೇಳಬೇಕೇನ್ರಿ?" ಎಂದು ಇವರೇ ಕೇಳಿದರು.

"ಏನಂತ ಹೇಳ್ತೀರಿ? ದೇವರಿಂದ್ಲೂ ಆಗ್ತಿದ್ದಿಲ್ಲ ಅಂತ ತಿಳ್ಕೊಂಡಾಳ. ಅದರ ಮ್ಯಾಲ ಹೆಂಗೋ ನಿಂತಾಳ. ನಾನೂ ಅವತ್ತ ಬಾಯಿ ಬಿಡಲಿಲ್ಲ ಸರ್. ಫೋನ್ ಇಡ್ರಿ."

ಮರುವಾರ ಕಟಗೇರಿಯವರು ಮುದುಕನನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಚೆನ್ನಾಗಿದೆಯಲ್ಲ ಎಂದು ಅವನು ಕೇಳಿದ. ಇವರು ಅದರ ವೈರನ್ನೂ ಸುತ್ತಿ ಅವನ ಚೀಲಕ್ಕೆ ಹಾಕಿದರು.

ಕಾಳಮ್ಮ ಬಂದದ್ದು ಅದೇ ಚಳಿಗಾಲದಲ್ಲಿ. ಜೊತೆಗೆ ಯಾರೂ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಜೈಲಿಗೆ ನೋಡಾಕ ಹೋಗಿದ್ನಿರಿ. ನಿಮ್ಮನ್ನ ಒಂದು ಮಾತು ಕೇಳ್ಕೊಂಡು ಬಾ ಅಂದಾನ. ಎಲ್ಲೀ ತನಕ ಓದ್ತು, ಸರಿಯಾಗಿ ಹೇಳ್ರಿ. ಅಂವಾ ಆ ಅಂಗಡ್ಯಾಗ ನಿಂತದ್ದು ದಿನಾ ನೆನಸ್ತಾನಂತ. ಯಾವ ಹೆಜ್ಜಿ ತನಕ ಸಿಕ್ಕಾನ ಅಂತ ಗೊತ್ತಾಗಬೇಕಂತ."

"ಐದು ಗಂಟಿ, ಇಪ್ಪತ್ತೊಂಬತ್ತು ನಿಮಿಷ, ಹದಿನಾಲ್ಕು ಸೆಕೆಂಡ್" ಎಂದರು ಕಟಗೇರಿ. ಕಾಗದ ನೋಡಬೇಕಾಗಿರಲಿಲ್ಲ.

"ಬರದು ಕೊಡ್ರಿ. ನನಗ ನೆನಪಿರೂದಿಲ್ಲ."

ಅವರು ಬರೆದರು. ಬರೆದ ಮೇಲೂ ಪೆನ್ನು ಕಾಗದ ಬಿಟ್ಟು ಏಳಲಿಲ್ಲ. ಇನ್ನೊಂದು ಸಾಲಿಗೆ ಜಾಗವಿತ್ತು. ಅವರ ಉಸಿರು ನನ್ನ ಮುಚ್ಚಳದ ಮೇಲೆ ಬೀಳುತ್ತಿತ್ತು. ನಾನು ಕಾದೆ. ಅವರು ಕಾಗದ ಮಡಚಿ ಅವಳ ಕೈಗೆ ಕೊಟ್ಟರು.

"ನಿಮ್ಮ ಕೈಲಾದಷ್ಟು ಮಾಡೀರಿ ಸರ. ನಲವತ್ತೊಂದು ಸಲ ನೋಡೀರಿ, ನಾನ ಎಣಿಸೀನಿ. ಯಾರ ಮಾಡ್ತಾರ ಅಷ್ಟು" ಎಂದು ಅವಳು ಕೈ ಮುಗಿದು ಮೆಟ್ಟಿಲಿಳಿದಳು. ಆ ಮಾತನ್ನು ಕಟಗೇರಿಯವರು ಹೇಗೆ ಹೊತ್ತುಕೊಂಡರೋ ತಿಳಿಯದು. ಆ ದಿನ ಅವರು ಮಧ್ಯಾಹ್ನಕ್ಕೇ ಬಾಗಿಲು ಹಾಕಿದರು.

ಈಗ ಡಿಸ್ಕು ತರುವವರೇ ಇಲ್ಲ. ನಾನು ಕಪಾಟಿನೊಳಗಿದ್ದೇನೆ. ಕತ್ತಲಲ್ಲಿ ಕುಳಿತು ಯೋಚಿಸುತ್ತೇನೆ. ನಾನು ಸುಳ್ಳು ಹೇಳಿದ್ದಿಲ್ಲ. ನನ್ನ ಕೈಲಾಗಲಿಲ್ಲ ಎಂದಷ್ಟೇ ಹೇಳಿದೆ. ಅದನ್ನು ಯಾರ ಕೈಲೂ ಆಗದು ಎಂದು ಕೇಳಿಸಿಕೊಂಡವರು ಕೆಟ್ಟವರಲ್ಲ. ಅಂಕವನ್ನು ನಂಬಿದವರು, ಅಷ್ಟೆ. ಆದರೆ ಒಂದು ಹೆಜ್ಜೆಯಾಚೆ ಒಬ್ಬ ಮನುಷ್ಯನ ಮುಖವಿತ್ತು, ಬಹುಶಃ ಅದು ಕ್ಯಾಮೆರಾದ ಕಡೆಗೇ ತಿರುಗಿತ್ತು. ಈಗ ಅದು ಎಲ್ಲಿಯೂ ಇಲ್ಲ.

ಯುಗಾದಿಯ ಮಾರನೆಯ ದಿನದ ಪದ್ಧತಿಯನ್ನು ಕಟಗೇರಿಯವರು ಬಿಟ್ಟಿಲ್ಲ. ಉಬ್ಬಿದ ಡಿಸ್ಕೊಂದನ್ನು ಪರೀಕ್ಷೆಗೆ ಸೇರಿಸಬಹುದಿತ್ತು. ಸೇರಿಸಿದರೆ ಏಕೆಂದು ಯಾರಾದರೂ ಕೇಳಿಯಾರು. ಈ ವರ್ಷವೂ ನನ್ನನ್ನು ಹೊರತೆಗೆದು, ಒರೆಸಿ, ಅದೇ ಮೂರು ಡಿಸ್ಕುಗಳನ್ನು ಒಂದೊಂದಾಗಿ ಇಟ್ಟರು. ಗೆರೆ ಏರಿತು. ಪರದೆಯನ್ನು ನೋಡದೆಯೇ ಅವರು ಬರೆದುಕೊಂಡರು: ತೊಂಬತ್ತೇಳು.